ರಾತ್ರಿ ತಂಗುವ ಬಸ್ಸು

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಬೆಂಗಳೂರು ಬಿಟ್ಟ ಅವನ ಬಸ್ಸು ತುಮಕೂರು, ಗುಬ್ಬಿ, ತಿಪಟೂರು ದಾಟಿ ಅರಸೀಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ರಾತ್ರಿ ತಂಗುತ್ತಿತ್ತು. ತಂಗುತ್ತಿದ್ದದ್ದು ಬಸ್ಸೊಂದೇ ಅಲ್ಲವೆಂದು ನನಗೂ ತಂಗಿಗೂ ತಿಳಿದದ್ದು ತಿಥಿಯ ದಿನ, ಅಪ್ಪನದೇ ಮೂಗು ಹೊತ್ತ ಅಣ್ಣ-ತಂಗಿ ಇಬ್ಬರು ಬಂದು ನಮ್ಮೆದುರು ಊಟಕ್ಕೆ ಕೂತಾಗ.

ಅಳು, ಜಗಳ, ಮಾತು ಬಿಡುವುದು ಎಲ್ಲ ಕ್ರಮವಾಗಿ ನಡೆದವು. ಆದರೆ ಊರಲ್ಲಿ ಅಪ್ಪನ ಹೆಸರಿನ ತೆಂಗಿನ ತೋಟವಿತ್ತು. ಪೌತಿ ಖಾತೆಗೆ ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ನಾಲ್ವರೂ ಬೇಕು. ಒಂದೇ ಕಾರಿನಲ್ಲಿ ಹೊರಟೆವು. ಪೆಟ್ರೋಲ್ ಖರ್ಚು ಮಾತ್ರ ಆಗಲೇ ಪಾಲಾಗಿತ್ತು.

ತೋಟದ ಬಗ್ಗೆ ತಕರಾರಿರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಎರಡನೇ ಮದುವೆ ಅಸಿಂಧು, ಅದರಲ್ಲಿ ಹುಟ್ಟಿದ ಮಕ್ಕಳು ಮಾತ್ರ ಸಿಂಧು ಎಂದು ವಕೀಲರು ಬಿಡಿಸಿ ಹೇಳಿದ್ದರು. ಕೂಡುಕುಟುಂಬದ ಆಸ್ತಿಯಲ್ಲಿ ಅಪ್ಪನ ಪಾಲಿಗೆ ಬಂದದ್ದರಲ್ಲೂ ಅಂಥ ಮಕ್ಕಳಿಗೆ ಹಕ್ಕಿದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತಂತೆ. ಆ ಮೊಕದ್ದಮೆ ಹೋದದ್ದೂ ಕರ್ನಾಟಕದಿಂದಲೇ ಎಂದು ಕೇಳಿ, ಅಪ್ಪ ಒಂಟಿಯಲ್ಲ ಎಂದು ಸಮಾಧಾನವಾಯಿತು.

ತಕರಾರಿದ್ದದ್ದು ಮಾನದ್ದು. ಯಾರ ಮನೆ ಮೊದಲನೆಯದು? ಆ ಕಡೆಯ ಅಣ್ಣ ನನಗಿಂತ ನಾಲ್ಕೇ ತಿಂಗಳು ದೊಡ್ಡವನು. ಹುಟ್ಟಿದ ದಿನ ಕೇಳಿದ ಕೂಡಲೇ ಇಬ್ಬರೂ ಬೆರಳೆಣಿಸಿ, ಎಣಿಸಲಿಲ್ಲವೆಂಬಂತೆ ಕಿಟಕಿಯಾಚೆ ನೋಡಿದೆವು. ಎರಡು ಮದುವೆಯೂ ದೇವಸ್ಥಾನದಲ್ಲಿ ಆದವು. ಲಗ್ನಪತ್ರಿಕೆ ಎರಡು ಮನೆಯಲ್ಲೂ ಇಲ್ಲ. ಅಪ್ಪ ಓವರ್‌ಟೇಕ್ ಮಾಡುವಾಗಲೂ ಅಷ್ಟೇ ಹುಷಾರಿ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ಅಣ್ಣ ಇಡ್ಲಿಯ ನಡುವೆ ಹೆಬ್ಬೆರಳಿಂದ ಗುಳಿ ತೋಡಿ, ಚಟ್ನಿ ಸುರಿದು, ಅಂಚಿನಿಂದ ಮುರಿಯುತ್ತ ಒಳಗೆ ಬಂದ. ತಂಗಿ ಮೇಜಿನಡಿ ನನ್ನ ಕಾಲು ಒದ್ದಳು. ಅಪ್ಪ ಹೀಗೆ ತಿಂದಾಗೆಲ್ಲ ಅಮ್ಮ ಬೈಯುತ್ತಿದ್ದಳು.

"ಅಪ್ಪ ನಮ್ಮನೇಲಿ ಶನಿವಾರ ಒಪ್ಪೊತ್ತು. ಆಂಜನೇಯನ ಭಕ್ತ," ಎಂದೆ, ನಮ್ಮ ಮನೆಯ ಮರ್ಯಾದೆ ಎತ್ತಿ ಹಿಡಿಯಲು.

"ಹೌದಾ? ನಮ್ಮನೇಲಿ ಶನಿವಾರ ಅಂದ್ರೆ ನಾಟಿಕೋಳಿ ಸಾರು," ಎಂದಳು ಆ ಕಡೆಯ ತಂಗಿ.

ಆಂಜನೇಯ ಇಂಥದ್ದನ್ನೆಲ್ಲ ಮನಸ್ಸಿಗೆ ಹಾಕಿಕೊಂಡಿರಲಾರ. ಅವನಿಗೂ ಭೀಮನಿಗೂ ಅಪ್ಪ ಒಬ್ಬನೇ, ವಾಯು. ಸೌಗಂಧಿಕಾ ಹೂವಿಗೆಂದು ಹೊರಟ ಭೀಮನಿಗೆ ದಾರಿಗಡ್ಡ ಮಲಗಿದ್ದ ಮುದಿ ಕೋತಿ ತನ್ನ ಅಣ್ಣನೆಂದು ಗೊತ್ತಾದದ್ದು ಬಾಲ ಎತ್ತಲಾರದೆ ಬೆವರಿದ ಮೇಲೆ. ತಕ್ಷಣ ತಬ್ಬಿಕೊಂಡರು. ವಾಯುವಿನ ಹೆಸರಲ್ಲಿ ತೆಂಗಿನ ತೋಟ ಇರಲಿಲ್ಲವಲ್ಲ.

ತಿಪಟೂರು ಬರುವಷ್ಟರಲ್ಲಿ ಕೊಬ್ಬರಿ ರೇಟಿನ ಬಗ್ಗೆ ನಾಲ್ವರದೂ ಒಂದೇ ಅಭಿಪ್ರಾಯವಾಗಿತ್ತು. ರಕ್ತಸಂಬಂಧ ಎಂದರೆ ಇದೇ ಇರಬೇಕು.

ಗ್ರಾಮ ಆಡಳಿತಾಧಿಕಾರಿ ಅರ್ಜಿ ತಿರುವಿ ಹಾಕಿ, ಕನ್ನಡಕದ ಮೇಲಿಂದ ಕೇಳಿದರು: "ಹಿರೀ ಹೆಂಡ್ತಿ ಮಕ್ಕಳು ಯಾರು?"

"ನಾವು ಸಾರ್," ಎಂದೆವು, ನಾಲ್ವರೂ ಒಟ್ಟಿಗೆ.

ಅವರು ಫೈಲು ಕಟ್ಟಿಟ್ಟರು. "ಸರಿ ಹಂಗಾದ್ರೆ. ಸೋಮವಾರ ಕಿರೀ ಹೆಂಡ್ತಿ ಮಕ್ಕಳನ್ನೂ ಕರ್ಕೊಂಡ್ಬನ್ನಿ."