ಬೆಂಚಿನ ಯಜಮಾನರು

ಶಿಕಾರಿಪುರದ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಇಬ್ಬರು ಯಜಮಾನರು. ಒಬ್ಬರು ಗಲ್ಲಾದ ಹಿಂದೆ ಕೂತು ವ್ಯಾಪಾರ ಮಾಡುತ್ತಾರೆ. ಇನ್ನೊಬ್ಬರು ಹೊರಗಿನ ಬೆಂಚಿನ ಮೇಲೆ ಕೂತು ಗಿರಾಕಿಗಳನ್ನು ವಿಚಾರಣೆ ಮಾಡುತ್ತಾರೆ. ಎರಡನೆಯವರು ಎಲೆ-ಸುಣ್ಣ ಬಿಟ್ಟು ಬೇರೇನನ್ನೂ ಕೊಂಡದ್ದು ನಾನು ಕಂಡಿಲ್ಲ, ಅದೂ ಉದ್ರಿ.

ಯಾವ ಸಾಮಾನಿಗೆ ಬಂದಿರಿ ಎಂಬುದು ಅವರಿಗೆ ಬೇಡ. "ಯಾವೂರು? ಯಾರ ಪೈಕಿ?" ಇವೆರಡೇ ಬೇಕು. ಈ ಎರಡನೆಯ ಪ್ರಶ್ನೆ ನಮ್ಮ ಕಡೆ ಜಾತಿ ಕೇಳುವ ಮರ್ಯಾದಸ್ಥರ ದಾರಿ ಎಂದು ನನಗೂ ಗೊತ್ತು, ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಆದರೆ ಯಜಮಾನರ ಬಂಡಿ ಅಲ್ಲಿಗೇ ನಿಲ್ಲುವುದಿಲ್ಲ. ನೆಂಟಸ್ತಿಕೆ ಸಿಗದಿದ್ದರೆ, "ನಿಮ್ಮೂರಿಂದ ನಮ್ಮಪ್ಪ ಒಂದು ಜೋಡಿ ಎತ್ತು ತಂದಿದ್ರು" ಎಂದು ಎತ್ತಿನ ಕಡೆಯಿಂದಲಾದರೂ ಸಂಬಂಧ ತೆಗೆಯುತ್ತಾರೆ.

ಮೊನ್ನೆ ಮನೆಗೆ ನೆಂಟರು ಬಂದಿದ್ದರು. ಒಲೆಯ ಮೇಲೆ ಹಾಲಿಟ್ಟು ನನ್ನನ್ನು ಅರ್ಧ ಕೆಜಿ ಸಕ್ಕರೆಗೆ ಓಡಿಸಿದ್ದಾಯಿತು. ಅಂಗಡಿ ಮುಂದೆ ಬ್ಯಾಗು ಹೊತ್ತ ಹುಡುಗನೊಬ್ಬ ನೀರಿನ ಬಾಟಲಿ ಹಿಡಿದು ಸಿಕ್ಕಿಬಿದ್ದಿದ್ದ.

"ಯಾವೂರಪ್ಪ?"

"ಬೆಂಗಳೂರು ಸರ್."

"ಬೆಂಗಳೂರು ಊರಲ್ಲ, ನೌಕರಿ. ಊರು ಯಾವುದು?"

"ಆನವಟ್ಟಿ ಹತ್ರ..."

ಯಜಮಾನರ ಕಣ್ಣು ನನ್ನತ್ತ ತಿರುಗಿತು. ನಾನು ಸಕ್ಕರೆ ಪೊಟ್ಟಣದ ಹಿಂದೆ ಮುಖ ಮರೆಸಿದರೂ ಬಿಡಲಿಲ್ಲ. "ಬರ್ರಿ ಇಲ್ಲಿ! ನಿಮ್ಮ ಚಿಕ್ಕಮ್ಮನ ಸೊಸೆ ತವರು ಆನವಟ್ಟಿ ಅಲ್ವೇನ್ರೀ?"

"ಅಲ್ರೀ, ಸೊರಬ."

"ಎರಡೂ ಒಂದೇ ರಸ್ತೆ! ಅಂದ್ಮೇಲೆ ಇವ್ರು ನಿಮಗೆ ಭಾವ ಆಗ್ಬೇಕು."

ನನ್ನ ಮಗನ ವಯಸ್ಸಿನ ಭಾವ ಪಾಪ ನಮಸ್ಕಾರ ಮಾಡಿದ. ಅವನ ತಾಯಿಯ ತವರು, ಸೋದರಮಾವನ ಅಡಿಕೆ ತೋಟ, ಆ ತೋಟದ ಕೊಳೆರೋಗ ಎಲ್ಲ ಮುಗಿಯುವ ಹೊತ್ತಿಗೆ ಮನೆಯಲ್ಲಿ ನೆಂಟರು ಬೆಲ್ಲದ ಕಾಫಿ ಕುಡಿದು ಎದ್ದಾಗಿತ್ತು. ನಮ್ಮಾಕೆ ಸಕ್ಕರೆಯನ್ನು ಡಬ್ಬಿಗೆ ಸುರಿದ ಸದ್ದು ನಾಲ್ಕು ಮನೆಗೆ ಕೇಳಿತು.

ಜಗಳ ತೆಗೆಯಲು ಹೋದರೆ ಯಜಮಾನರು ಇತಿಹಾಸಕ್ಕೆ ಹಾರುತ್ತಾರೆ. "ಅಲ್ಲಮ ಬಳ್ಳಿಗಾವಿಯವ್ರು, ಅಕ್ಕಮಹಾದೇವಿ ಉಡುತಡಿಯವ್ರು. ಎರಡೂ ನಮ್ಮ ತಾಲ್ಲೂಕೇ. ಭೇಟಿ ಆಗಿದ್ದೆಲ್ಲಿ? ಕಲ್ಯಾಣದಲ್ಲಿ! ಇಲ್ಲೊಂದು ಬೆಂಚ್ ಇದ್ದಿದ್ರೆ ಅಷ್ಟು ದೂರ ನಡೀಬೇಕಿತ್ತಾ?" ಯಾರನ್ನೂ ಹಗುರವಾಗಿ ಕಾಣಬಾರದು ಎಂಬುದಕ್ಕೂ ಅವರಲ್ಲಿ ಪುರಾವೆಯಿದೆ: ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ ಯಡಿಯೂರಪ್ಪನವರು ನಾಲ್ಕು ಸಲ ಮುಖ್ಯಮಂತ್ರಿಯಾದ ಊರಿದು. ಅದಕ್ಕೂ ಮೊದಲು, 1990ರಲ್ಲಿ, ಪಕ್ಕದ ಸೊರಬದ ಬಂಗಾರಪ್ಪ ಆಗಿದ್ದರು. ಹಾಗಾಗಿ ಬೀಡಿ ಕೊಳ್ಳಲು ಬಂದವನಿಗೂ ಬೆಂಚಿನಲ್ಲಿ ಜಾಗ ಉಂಟು.

ಅವರಿಗೆ ಆಗದ ವಸ್ತು ಒಂದೇ, ದುಡ್ಡು ಬಂತೆಂದು ಕೂಗುವ ಆ ಪುಟ್ಟ ಪೆಟ್ಟಿಗೆ. "ಎಷ್ಟು ಅಂತ ಮಾತ್ರ ಹೇಳುತ್ತೆ. ಯಾರು, ಯಾವೂರು, ಒಂದೂ ಹೇಳಲ್ಲ!"

ಆ ಹುಡುಗ ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದವನು. ಬಾಡಿಗೆ ಕೋಣೆ ಹುಡುಕುತ್ತಿದ್ದ. ಅಂದು ಸಂಜೆಯೇ ಬೆಂಚಿನ ಮೇಲೆ ಮಾತಾಗಿ, ಮೂಲೆಮನೆಯ ಅಜ್ಜಿಯ ಮಾಳಿಗೆ ಕೋಣೆ ಸಿಕ್ಕಿತು. ಈಗ ಅಜ್ಜಿಯ ಪಿಂಚಣಿ ಕಾಗದವನ್ನು ಅವನೇ ತುಂಬುತ್ತಾನೆ. ಅಜ್ಜಿ ಅವನಿಗೆ ರೊಟ್ಟಿ ಕಟ್ಟಿಕೊಡುತ್ತಾರೆ. ನನ್ನನ್ನು ಕಂಡರೆ ಈಗಲೂ "ಭಾವ" ಅನ್ನುತ್ತಾನೆ. ನಾನೂ ತಿದ್ದಲು ಹೋಗಿಲ್ಲ.

ಯಜಮಾನರು ಕಣ್ಣಿನ ಆಪರೇಷನ್ನಿಗೆಂದು ಶಿವಮೊಗ್ಗಕ್ಕೆ ಹೋದಾಗ ಬೆಂಚು ಖಾಲಿಯಾಗಿತ್ತು. ಜನ ಬಂದರು, ಫೋನು ತೋರಿಸಿದರು, ಸಾಮಾನು ಹಿಡಿದು ಹೋದರು. ಪಕ್ಕದ ಸಾಲಿನ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಈರುಳ್ಳಿ ಆರಿಸಿದರು. ಗಲ್ಲಾದ ಯಜಮಾನರು ಆಕಳಿಸಿ ಅಂದರು: "ವ್ಯಾಪಾರ ಬೇಗ ಆಗ್ತಿದೆ, ಹೆಚ್ಚಂತೂ ಆಗ್ತಿಲ್ಲ."

ಈಗ ಕಪ್ಪು ಕನ್ನಡಕ ಏರಿಸಿಕೊಂಡು ಅವರು ಮತ್ತೆ ಹಾಜರು. ನೀವು ಈ ಕಡೆ ಬಂದಾಗ ತೀರಾ ಅವಸರವಿದ್ದರೆ ಹಿಂದಿನ ಓಣಿಯಲ್ಲೊಂದು ಅಂಗಡಿಯಿದೆ, ಅಲ್ಲಿ ಬೆಂಚಿಲ್ಲ. ನಮ್ಮಲ್ಲಿಗೇ ಬರುವುದಾದರೆ ತಾಯಿಯ ತವರೂರು ಯಾವುದೆಂದು ಮನೆಯಲ್ಲಿ ಕೇಳಿಕೊಂಡೇ ಬನ್ನಿ.