ನಾಳಿಂದ ರಾಯರು

ಹೈದರಾಬಾದಿನ ಕೋಠಿಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರಿಗೆ ರಾಯರ ಗುರುತು ಚೆನ್ನಾಗಿದೆ. ಫೆಬ್ರವರಿಯಲ್ಲಿ ಅರ್ಧ ಬೆಲೆಗೆ ಹೊಸ ಡೈರಿ ಕೊಳ್ಳುವ ಗಿರಾಕಿ ಇನ್ನೊಬ್ಬರಿಲ್ಲ. ಜನವರಿಯಲ್ಲಿ ಕೊಂಡದ್ದು ಅಷ್ಟರಲ್ಲಿ ಸಂಕಲ್ಪಗಳಿಂದಲೇ ತುಂಬಿಹೋಗಿರುತ್ತದೆ.

ರಾಯಚೂರು ಕಡೆಯ ಮನೆತನ. 1956ಕ್ಕೆ ಮುಂಚೆ, ರಾಯಚೂರೂ ಹೈದರಾಬಾದ್ ರಾಜ್ಯದೊಳಗೇ ಇದ್ದಾಗ, ನೌಕರಿಗೆಂದು ಬಂದ ಅಜ್ಜ ಇಲ್ಲೇ ನಿಂತರು. ರಾಯರು ಓದಿದ್ದು ಕಾಚಿಗೂಡದ ನೃಪತುಂಗ ಶಾಲೆಯಲ್ಲಿ. ಈಗ ಕೈಯಲ್ಲಿ ಬ್ಯಾಂಕಿನ ಪಿಂಚಣಿ, ಬಾಯಲ್ಲಿ ಒಂದೇ ಮಾತು: ‘ನಾಳಿಂದ’.

ನಾಳಿಂದ ನಾಲ್ಕಕ್ಕೆ ಏಳುವುದು, ನೂರೆಂಟು ಸೂರ್ಯನಮಸ್ಕಾರ, ಸಕ್ಕರೆ ಪೂರಾ ಬಂದ್, ಹತ್ತು ಸಾವಿರ ಹೆಜ್ಜೆ. ಒಂದೊಂದಾಗಿ ಹಿಡಿಯುವುದು ಅವರ ಘನತೆಗೆ ಸಲ್ಲದು.

ಆ ಹತ್ತು ಸಾವಿರವನ್ನು ವೈದ್ಯರೇನೂ ಬರೆದುಕೊಟ್ಟದ್ದಲ್ಲ. 1960ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮೀಟರು’ ಎಂದು ಹೆಸರಿಟ್ಟು ಮಾರಿತು. ವ್ಯಾಪಾರದ ಲೆಕ್ಕ ಆರೋಗ್ಯದ ಲೆಕ್ಕವಾಗಿ ಕೂತಿತು. ಅಮೆರಿಕದ ವಯಸ್ಸಾದ ಹೆಂಗಸರನ್ನು ಗಮನಿಸಿದ 2019ರ ಅಧ್ಯಯನವೊಂದರಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುವವರಲ್ಲೇ, ತೀರಾ ಕಡಿಮೆ ನಡೆಯುವವರಿಗಿಂತ, ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ಮಗಳು ಇದನ್ನು ಓದಿ ಹೇಳಿದರೆ ರಾಯರು, “ಅದು ಹೆಂಗಸರದವಾ, ನಮಗ ಹತ್ತೇ ಬೇಕು” ಎಂದರು.

ಹತ್ತು ಬೇಕೆಂದೇ ಹೊರಟರು. ಹಳೇ ಬ್ರಿಟಿಷ್ ರೆಸಿಡೆನ್ಸಿಯ ಮಹಿಳಾ ವಿಶ್ವವಿದ್ಯಾಲಯ ದಾಟುವಷ್ಟರಲ್ಲಿ ಮಂಡಿ ಮಾತಾಡಿತು. ಕಾಲು ತಾನಾಗಿ ಗೋಕುಲ್ ಚಾಟ್ ಕಡೆ ತಿರುಗಿತು. ಕೈಗೆ ಕಟ್ಟಿದ ಪಟ್ಟಿ 3,000 ತೋರಿಸುತ್ತಿತ್ತು, ಎದುರಿನ ತಟ್ಟೆಯಲ್ಲಿ ಕಚೋರಿ. ಮಾರನೆಯ ದಿನ ಮಳೆ. ಒಂದು ದಿನ ತಪ್ಪಿತಲ್ಲ, ಇನ್ನು ಯುಗಾದಿಯಿಂದ ಹೊಸದಾಗಿ ಶುರು! ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯನ್ನು ಗಮನಿಸಿ, ಒಂದು ರೂಢಿ ಮೈಗೂಡಲು ಸರಾಸರಿ 66 ದಿನ ಬೇಕು, ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನಿಲ್ಲ ಎಂದಿದ್ದರು. ರಾಯರ ಶಾಸ್ತ್ರದಲ್ಲಿ ಅದಕ್ಕೆ ಜಾಗವಿಲ್ಲ.

ತಮಾಷೆಯೆಂದರೆ, ಅವರು ದಿನಾ ನಡೆಯುತ್ತಾರೆ. ಬೆಳಗಾದರೆ ಹೆಂಡತಿ ಚೀಲ ಕೈಗಿಟ್ಟು ಬಡೀ ಚೌಡಿಗೆ ಅಟ್ಟುತ್ತಾರೆ. ಹೋಗಿ, ಚೌಕಾಸಿ ಮಾಡಿ, ಬದನೆಕಾಯಿ ಹಿಚುಕಿ ನೋಡಿ, ಬೆವರುತ್ತ ಬರುತ್ತಾರೆ. ಎಷ್ಟು ವರ್ಷದಿಂದಲೋ ಈ ನೇಮ ತಪ್ಪಿಲ್ಲ. ಡೈರಿಯಲ್ಲಿ ಮಾತ್ರ ಇದರ ಸುದ್ದಿಯಿಲ್ಲ. ಆ ಹೊತ್ತಿಗೆ ಕೈಪಟ್ಟಿ ಚಾರ್ಜಿಗಿರುತ್ತದೆ.

“ಕಾಯಿಪಲ್ಯ ತರೋದು ಎಕ್ಸರ್ಸೈಜ್ ಏನ?” ಎನ್ನುತ್ತಾರೆ ರಾಯರು.

“ಅಲ್ಲ ಅಂದ್ರ ಬಿಡ್ರಿ. ಕೊತ್ತಂಬರಿ ಮರ್ತೀರಿ, ಇನ್ನೊಮ್ಮಿ ಹೋಗಿ ಬರ್ರಿ.”