ಸಮಾಧಾನ ಅಂಕಲ್

ಕಮರಿಪೇಟೆಯ ಸಾವಜಿ ಮನೆಗಳ ನಡುವೆ, ಮಸಾಲೆ ಘಾಟಿಗೆ ಸೀನುತ್ತಲೇ ಬಾಳುವೆ ಮಾಡಿದ ಒಂದು ಕ್ರೈಸ್ತ ಮನೆ. ಅದರ ಯಜಮಾನರನ್ನು ಓಣಿ ಕರೆಯುವುದು ‘ಸಮಾಧಾನ ಅಂಕಲ್’ ಎಂದು. ಸ್ವಂತ ಹೆಸರು ಪಿಂಚಣಿ ಪುಸ್ತಕದಲ್ಲಷ್ಟೇ ಉಳಿದಿದೆ. ಇಂಥವರು ಪ್ರತಿ ಸಭೆಗೂ ಒಬ್ಬರಿರುತ್ತಾರೆ. ನಮ್ಮ ಪಾಲಿಗೆ ಇವರು ಬಂದಿದ್ದಾರೆ.

ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, ನಿವೃತ್ತರಾದ ಮೇಲೆ ಮನುಷ್ಯರ ರಿಪೇರಿ ಹಿಡಿದರು. ದಯೆ ತಮ್ಮ ಮನೆತನದ ಆಸ್ತಿ ಎಂಬುದು ಅವರ ನಂಬಿಕೆ. “1839ರಾಗ ಬಾಸೆಲ್ ಮಿಶನ್‌ನವರು ಹುಬ್ಬಳ್ಳಿಗೆ ಬಂದಾಗ ಸ್ಟೇಶನ್ನಿಗೆ ಹೋಗಿ ಕರಕೊಂಡು ಬಂದಾವ ನಮ್ಮ ಮುತ್ತಜ್ಜ” ಎನ್ನುತ್ತಾರೆ. ಹಿಂದುಸ್ತಾನದಲ್ಲಿ ಪ್ರಯಾಣಿಕರ ರೈಲು ಓಡಿದ್ದೇ 1853ರಲ್ಲಿ ಎಂದು ಹೇಳುವಷ್ಟು ನಿರ್ದಯಿಗಳು ನಾವಲ್ಲ.

ಅವರ ಮುಂದೆ ಕಷ್ಟ ಹೇಳಿಕೊಳ್ಳಲು ಬರುವುದಿಲ್ಲ. ಬಾಯಿ ತೆರೆಯುವ ಮೊದಲೇ, “ತಿಳೀತು ಬಿಡು ತಮ್ಮಾ, ನನಗ ಎಲ್ಲಾ ತಿಳಿತೈತಿ” ಎಂದು ಭುಜ ಹಿಡಿಯುತ್ತಾರೆ. ಪಂಕ್ಚರ್ ಅಂಗಡಿ ಎಲ್ಲಿ ಎಂದು ಕೇಳಲು ಬಂದವನೂ ತಲೆ ಮೇಲೆ ಕೈ ಇಡಿಸಿಕೊಂಡು, ಅರ್ಧ ಕಪ್ ಚಹಾ ಕುಡಿದು, ಬಂದಂತೆಯೇ ಬೈಕ್ ತಳ್ಳಿಕೊಂಡು ಹೋಗಬೇಕು.

ಹಾಗಂತ ದಯೆ ಬರೀ ಬಾಯಲ್ಲಿಲ್ಲ. ಪಕ್ಕದ ಮನೆಯ ಸಾವಜಿ ಕಾಕಾ ಮೂಲವ್ಯಾಧಿ ಆಪರೇಷನ್ನಿಗೆ ಕಿಮ್ಸ್ ಸೇರಿದಾಗ ಚೀಟಿ ಸಾಲಿನಲ್ಲಿ ನಿಂತವರು ಅಂಕಲ್. ಸ್ಟೀಲ್ ಡಬ್ಬಿಯಲ್ಲಿ ಗಂಜಿ ಒಯ್ದವರೂ ಅಂಕಲ್. ಕಾಕಾನ ಮಗನನ್ನು ಮಲಗಲು ಮನೆಗೆ ಅಟ್ಟಿ, ವಾರ್ಡಿನ ಬಾಗಿಲಲ್ಲಿ ಪೇಪರ್ ಹಾಸಿಕೊಂಡು ರಾತ್ರಿಯೆಲ್ಲ ಕೂತರು. ಸಲೈನ್ ಮುಗಿಯುತ್ತ ಬಂದದ್ದನ್ನು ನರ್ಸಿಗಿಂತ ಮೊದಲು ಕಂಡರು. ಅಲ್ಲಿಗೇ ಬಿಟ್ಟಿದ್ದರೆ ಚಲೋ ಇತ್ತು.

ಗುರುವಾರದ ಪ್ರಾರ್ಥನಾ ಕೂಟ ಬಂತು.

“ಕರ್ತನೇ, ನಮ್ಮ ಬಾಜೂ ಮನಿ ಕಾಕಾನ್ನ ನೆನಸು. ಯಾವ ಕಾಕಾ ಅಂತ ನಿನಗ ಗೊತ್ತೈತಿ, ನೀಲಿ ಬಾಗಿಲ ಮನಿಯವರು. ಪಾಪ, ಕುಂಡ್ರಾಕ ಆಗವಲ್ದು. ಖಾರ ಕಮ್ಮಿ ಮಾಡ್ರಿ ಅಂತ ನಾ ಎಷ್ಟ ಸಲ ಹೇಳೀನಿ, ನೀನೇ ಸಾಕ್ಷಿ. ಆ ಸಾಲದ ವಿಷಯಾನೂ ಒಂದೀಟು ನೋಡು ಸ್ವಾಮಿ. ಅಳಿಯಂದು ಬ್ಯಾರೆ…”

ಎಲ್ಲ ಬಲ್ಲ ದೇವರಿಗೆ ಬಾಗಿಲ ಬಣ್ಣ ಬೇಕಿರಲಿಲ್ಲ. ಬೇಕಿದ್ದದ್ದು ಹಿಂದಿನ ಸಾಲಿನ ಆಂಟಿಯರಿಗೆ. ‘ಆಮೆನ್’ ಮುಗಿಯುವಷ್ಟರಲ್ಲಿ ಅಳಿಯ ಕೇಶ್ವಾಪುರ ದಾಟಿದ್ದ.

ಮತ್ತಾಯನ ಆರನೆಯ ಅಧ್ಯಾಯ, ಅಂದರೆ ಧರ್ಮವನ್ನು ಗುಟ್ಟಾಗಿ ಮಾಡಿ, ಕದ ಮುಚ್ಚಿಕೊಂಡು ಬೇಡಿಕೊಳ್ಳಿ ಎನ್ನುವ ಭಾಗ ಓದುವ ಭಾನುವಾರ ಅಂಕಲ್ ಕನ್ನಡಕ ಒರೆಸುತ್ತಾ ಕೂಡುತ್ತಾರೆ. ಒಳ್ಳೆಯ ಸಮಾರ್ಯದವನ ಕಥೆ ಬಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಕಾಕಾ ಆರಾಮಾಗಿ ಮನೆಗೆ ಬಂದರು. ಕಾಕು ಕೀಮಾ ಉಂಡಿ ತುಂಬಿದ ಡಬ್ಬಿ ಹಿಡಿದು ಅಂಕಲ್ ಮನೆಗೆ ಹೋದರು. “ನಿಮ್ಮ ಉಪಕಾರ ಈ ಜನ್ಮದಾಗ ಮರೆಯಂಗಿಲ್ರಿ ಅಂಕಲ್. ಆದ್ರ ಮುಂದ ನಮ್ಮ ಸಲುವಾಗಿ ಬೇಡ್ಕೊಳ್ಳೂದಿದ್ರ ತುಸು ಸಣ್ಣ ದನೀಲೆ ಬೇಡ್ಕೋರಿ. ನಿಮ್ಮ ದೇವರಿಗೆ ಕಿವಿ ಚಲೋ ಅದಾವಲ್ಲ?”

ಅಂಕಲ್ ಉಂಡಿ ತಿಂದರು, ಮಾತನ್ನೂ ಮನಸ್ಸಿಗೆ ಹಚ್ಚಿಕೊಂಡರು. ಮುಂದಿನ ಗುರುವಾರ ಪಿಸುದನಿಯಲ್ಲಿ ಶುರುಮಾಡಿದರು: “ಕರ್ತನೇ, ಒಬ್ಬ ಅಕ್ಕ ತನ್ನ ಮನಿ ಸುದ್ದಿ ಎತ್ತಬ್ಯಾಡ ಅಂದಾಳ. ಎತ್ತಂಗಿಲ್ಲ. ನೀಲಿ ಬಾಗಿಲಂತೂ ನಿನಗ ನೆನಪೈತಿ…”

ಹಿಂದಿನ ಸಾಲಿನ ಆಂಟಿಯರು ಈಗ ಬೇಗ ಬಂದು ಮುಂದಿನ ಸಾಲು ಹಿಡಿಯುತ್ತಾರೆ.